ಆರ್ಲಿಂಗ್ಟನ್‌ಗೆ ಹೋದರೆ ಕೆನಡಿ ಸಮಾಧಿ ಮಾತ್ರ ನೋಡಿ ಬರಬೇಡಿ

ಪೊಟೊಮ್ಯಾಕ್ ದಂಡೆ:

ವಾಷಿಂಗ್ಟನ್ ಕಡೆ ಇರುವ ನಾವೆಲ್ಲ ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಆರ್ಲಿಂಗ್ಟನ್ ಸೈನಿಕ ಸ್ಮಶಾನಕ್ಕೆ ಕರೆದುಕೊಂಡು ಹೋಗುತ್ತೇವೆ. ಕೆನಡಿ ಸಮಾಧಿ, ಅಲ್ಲಿ ಸದಾ ಉರಿಯುವ ಜ್ಯೋತಿ, ಆಮೇಲೆ ಅಜ್ಞಾತ ಸೈನಿಕನ ಸಮಾಧಿಯ ಮುಂದೆ ಕಾವಲು ಬದಲಾಗುವುದು. ನಾಲ್ಕು ಫೋಟೊ ತೆಗೆದು ವಾಪಸ್. ಇದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಮಲಗಿದ್ದಾರೆ. ಅಧ್ಯಕ್ಷರು ಅಂತ ಇರುವುದು ಇಬ್ಬರೇ, ಟ್ಯಾಫ್ಟ್ ಮತ್ತು ಕೆನಡಿ. ಉಳಿದವರಲ್ಲಿ ಬಹುಪಾಲು ಸಾಧಾರಣ ಸಿಪಾಯಿಗಳು, ನಾವಿಕರು, ಅವರ ಹೆಂಡತಿ ಮಕ್ಕಳು. ಅವರ ಕಲ್ಲುಗಳ ಮಧ್ಯೆ ಸ್ವಲ್ಪ ಹೊತ್ತು ನಡೆಯದೆ ಬಂದರೆ ಆ ಜಾಗ ನೋಡಿದ ಹಾಗೆ ಆಗುವುದಿಲ್ಲ.

ಮೊದಲು ಆ ಜಮೀನಿನ ಕಥೆ ಹೇಳುತ್ತೇನೆ. ಗುಡ್ಡದ ಮೇಲೆ ದಪ್ಪ ಕಂಬಗಳ ದೊಡ್ಡ ಮನೆ ಕಾಣುತ್ತದಲ್ಲ, ಅದು ಆರ್ಲಿಂಗ್ಟನ್ ಹೌಸ್. ಕಟ್ಟಿಸಿದ್ದು ಜಾರ್ಜ್ ವಾಷಿಂಗ್ಟನ್ನರ ಸಾಕುಮೊಮ್ಮಗ ಕಸ್ಟಿಸ್. ಅವನ ಮಗಳು ಮೇರಿಯನ್ನು ಮದುವೆಯಾದವನು ರಾಬರ್ಟ್ ಲೀ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಲೀ ಅಮೆರಿಕದ ಸೈನ್ಯಕ್ಕೆ ರಾಜೀನಾಮೆ ಕೊಟ್ಟು ದಕ್ಷಿಣದ ಬಂಡಾಯ ರಾಜ್ಯಗಳ ಕಡೆ ಹೋದ. ಮನೆಯವರು ಊರು ಬಿಟ್ಟರು, ಕೇಂದ್ರ ಸರ್ಕಾರದ ಸೈನ್ಯ ಬಂದು ಮನೆಯಲ್ಲಿ ಕೂತಿತು. ಆಮೇಲೆ ತೆರಿಗೆ ಬಂತು, 92 ಡಾಲರ್ 7 ಸೆಂಟ್. ಮೇರಿ ನೆಂಟರೊಬ್ಬರ ಕೈಯಲ್ಲಿ ದುಡ್ಡು ಕಳಿಸಿದಳು. ಮಾಲೀಕರೇ ಖುದ್ದು ಬಂದು ಕಟ್ಟಬೇಕು ಅಂತ ಅಧಿಕಾರಿಗಳು ತೆಗೆದುಕೊಳ್ಳಲಿಲ್ಲ. 1864ರಲ್ಲಿ ಜಮೀನು ಹರಾಜಿಗೆ ಬಂತು, 26,800 ಡಾಲರಿಗೆ ಸರ್ಕಾರವೇ ಕೊಂಡಿತು.

ಅದೇ ವರ್ಷ ಮೇ 13ರಂದು ಅಲ್ಲಿ ಮೊದಲನೇ ಸೈನಿಕನನ್ನು ಮಣ್ಣು ಮಾಡಿದರು. ವಿಲಿಯಂ ಕ್ರಿಸ್ಟ್‌ಮನ್ ಅಂತ, ಪೆನ್ಸಿಲ್ವೇನಿಯಾದ ಕೂಲಿ ಕೆಲಸದ ಹುಡುಗ. ಯುದ್ಧದಲ್ಲಿ ಗುಂಡು ತಗುಲಿ ಸತ್ತವನಲ್ಲ, ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಸತ್ತವನು. ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಹೀಗೆ ದಿನಾ ಸಾಯುತ್ತಿದ್ದವರಿಗೆ ಜಾಗ ಸಾಲುತ್ತಿರಲಿಲ್ಲ. ಸೈನ್ಯದ ಸರಬರಾಜು ಮುಖ್ಯಸ್ಥ ಮಾಂಟ್ಗೊಮರಿ ಮೀಗ್ಸ್‌ನ ಕಣ್ಣು ಲೀ ಮನೆಯ ಮೇಲೆ ಬಿತ್ತು. ಹಿಂದೆ ಲೀಯ ಕೈಕೆಳಗೇ ಕೆಲಸ ಮಾಡಿದ್ದವನು ಅವನು. ಈಗ ಲೀ ಅವನ ಕಣ್ಣಿಗೆ ದೇಶದ್ರೋಹಿ. ಮನೆಯ ಹೂತೋಟದ ಅಂಚಿಗೇ ಅಧಿಕಾರಿಗಳನ್ನು ಹೂಳಿಸಿದ, ಲೀ ಸಂಸಾರ ಮತ್ತೆ ಅಲ್ಲಿ ಕಾಲಿಡಬಾರದು ಅಂತ. ಯುದ್ಧ ಮುಗಿದ ಮೇಲೆ, 1866ರಲ್ಲಿ, ರಣಭೂಮಿಗಳಿಂದ ಆಯ್ದು ತಂದ ಗುರುತು ಸಿಗದ 2,111 ಸೈನಿಕರ ಮೂಳೆಗಳನ್ನು ಅದೇ ತೋಟದಲ್ಲಿ ಒಂದೇ ಗೋರಿಯಲ್ಲಿ ಇಡಿಸಿದ. ಅಷ್ಟರಲ್ಲಿ ಅವನ ಮಗನೂ ಯುದ್ಧದಲ್ಲಿ ಸತ್ತಿದ್ದ. ಈಗ ಅಪ್ಪ ಮಗ ಇಬ್ಬರೂ ಅಲ್ಲೇ ಇದ್ದಾರೆ.

ಲೀಯ ಮಗ ಕೋರ್ಟಿಗೆ ಹೋದ. 1882ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅವನ ಪರ ತೀರ್ಪು ಕೊಟ್ಟಿತು. ಆದರೆ ಅಷ್ಟು ಹೊತ್ತಿಗೆ ಸಾವಿರಾರು ಸಮಾಧಿಗಳಾಗಿದ್ದವು. ಜಮೀನು ಇಟ್ಟುಕೊಂಡು ಅವನಾದರೂ ಏನು ಮಾಡಬೇಕು? 1883ರಲ್ಲಿ ಒಂದೂವರೆ ಲಕ್ಷ ಡಾಲರಿಗೆ ಸರ್ಕಾರಕ್ಕೇ ಮಾರಿದ.

ಇಷ್ಟು ಗೊತ್ತಿದ್ದರೆ ಆ ಗುಡ್ಡ ಹತ್ತುವಾಗ ಕಾಣುವುದೇ ಬೇರೆ. ನೀವು ಹೋದಾಗ ಯಾವ ಸಮಾಧಿ ನೋಡಿದಿರಿ? ಬೇರೆಯವರು ನೋಡಲೇಬೇಕು ಅನ್ನಿಸಿದ್ದು ಯಾವುದು? ದಯವಿಟ್ಟು ಬರೆಯಿರಿ.

ಹೊಸಪೇಟೆ ಹುಡುಗಿ:

ತುಂಬಾ ಥ್ಯಾಂಕ್ಸ್ ಅಣ್ಣ. ಬೇಸಿಗೆಯಲ್ಲಿ ಅಪ್ಪ ಅಮ್ಮ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯುವುದಕ್ಕೆ ಆಗುವುದಿಲ್ಲ. ಅಲ್ಲಿ ವಾಹನದ ವ್ಯವಸ್ಥೆ ಇದೆಯಾ? ಇನ್ನೊಂದು, ಸ್ಮಶಾನ ಅಂದರೆ ಅಮ್ಮ ಬೇಡ ಅನ್ನಬಹುದು. ಏನು ಹೇಳಿ ಒಪ್ಪಿಸಲಿ?

ಶಾಸನಪ್ರಿಯ, ಬೆಂಗಳೂರು:

ಅಮ್ಮನಿಗೆ ವೀರಗಲ್ಲು ನೋಡಲು ಹೋಗುತ್ತಿದ್ದೇವೆ ಅಂತ ಹೇಳಿ ತಂಗಿ. ಬಳ್ಳಾರಿ, ಹೊಸಪೇಟೆ ಕಡೆಯವರಿಗೆ ಅದನ್ನು ಬಿಡಿಸಿ ಹೇಳುವುದೇ ಬೇಕಿಲ್ಲ. ನಮ್ಮ ಊರೂರಿನ ಕೆರೆ ಏರಿ ಮೇಲೆ, ಗುಡಿ ಮುಂದೆ ನಿಂತಿವೆ.

ನಾನು ಆರ್ಲಿಂಗ್ಟನ್‌ಗೆ ಹೋದಾಗ ನನ್ನ ತಲೆಯಲ್ಲಿ ಇದ್ದದ್ದೂ ಅದೇ. ಬೇಗೂರಿನ ನಾಗೇಶ್ವರ ಗುಡಿಯಲ್ಲಿ 900ರ ಆಸುಪಾಸಿನ ಕಲ್ಲಿದೆ. ಬೆಂಗಳೂರು ಅನ್ನುವ ಹೆಸರು ಸಿಗುವ ಹಳೆಯ ಶಾಸನ. ಅದು ಅರಸನ ಹೊಗಳಿಕೆ ಅಲ್ಲ, ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನ ನೆನಪು. ನಮ್ಮ ವೀರಗಲ್ಲಿನಲ್ಲಿ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಅವನು ಏನು ಮಾಡಿದ, ಹೇಗೆ ಸತ್ತ ಅನ್ನುವುದೇ ಅಲ್ಲಿ ಮುಖ್ಯ. ತುರು ಕಾಯುತ್ತಾ ಸತ್ತನೋ, ಊರು ಉಳಿಸಲು ಸತ್ತನೋ, ಎದುರಿಗೆ ಎಷ್ಟು ಜನ ಇದ್ದರು, ಎಲ್ಲ ಕಾಣುತ್ತದೆ.

ಆರ್ಲಿಂಗ್ಟನ್ನಿನ ಕಲ್ಲಿನಲ್ಲಿ ಇದು ಯಾವುದೂ ಇಲ್ಲ. ಹೆಸರು, ದರ್ಜೆ, ಯಾವ ಪಡೆ, ಯಾವ ಯುದ್ಧದ ಕಾಲದಲ್ಲಿ ಇದ್ದ, ಹುಟ್ಟು, ಸಾವು. ಮೇಲೆ ಧರ್ಮದ ಒಂದು ಸಣ್ಣ ಗುರುತು. ನೀವು ಹೇಳಿದ ಆ ಕ್ರಿಸ್ಟ್‌ಮನ್ ಹುಡುಗನಿಗೆ ನಮ್ಮಲ್ಲಾದರೆ ವೀರಗಲ್ಲು ನಿಲ್ಲಿಸುತ್ತಿರಲಿಲ್ಲ. ಕಾಯಿಲೆಯಿಂದ ಸತ್ತ, ಯಾವ ಶೌರ್ಯವೂ ಇಲ್ಲ. ಅಲ್ಲಿ ಅವನಿಗೂ ಕಲ್ಲು ಸಿಕ್ಕಿದೆ. ಕೆಲಸಕ್ಕೆ ಬಂದೆಯಾ, ಕರೆದಾಗ ನಿಂತೆಯಾ, ಸಾಕು, ನಿನಗೊಂದು ಕಲ್ಲು. ನನಗೆ ಅದು ದೊಡ್ಡದು ಅನ್ನಿಸಿತು. ಸೈನಿಕರಿಗೆ ಕೊಡುವ ಗೌರವ ಅಂದರೆ ಸಾಹಸಕ್ಕೆ ಮಾತ್ರ ಕೊಡುವುದಲ್ಲ.

ಇದಕ್ಕೆ ಸರಿಯಾದ ಉದಾಹರಣೆ ಆಡೀ ಮರ್ಫಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಅತಿ ಹೆಚ್ಚು ಪದಕ ಪಡೆದವರಲ್ಲಿ ಒಬ್ಬ, ಆಮೇಲೆ ಸಿನಿಮಾ ನಟ. 1971ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಶೌರ್ಯಕ್ಕೆ ಅಮೆರಿಕ ಕೊಡುವ ಅತಿ ದೊಡ್ಡ ಪದಕ ಮೆಡಲ್ ಆಫ್ ಆನರ್ ಸಿಕ್ಕವರ ಕಲ್ಲಿನ ಮೇಲೆ ಅಕ್ಷರಕ್ಕೆ ಚಿನ್ನದ ಬಣ್ಣ ತುಂಬುತ್ತಾರೆ. ತನಗೆ ಅದು ಬೇಡ, ಎಲ್ಲರ ಹಾಗೆ ಇರಲಿ ಅಂತ ಅವನು ಮೊದಲೇ ಹೇಳಿದ್ದ. ಹಾಗೇ ಇದೆ. ಗೊತ್ತಿಲ್ಲದವರು ದಾಟಿಕೊಂಡು ಹೋಗಿಬಿಡುತ್ತಾರೆ.

ತುಮಕೂರು ತೆಂಗು:

ಶಾಸನಪ್ರಿಯ ಸರ್, ನಿಮ್ಮ ಮಾತು ಓದಲು ಚೆನ್ನಾಗಿದೆ. ಆದರೆ ಎಲ್ಲರಿಗೂ ಒಂದೇ ಕಲ್ಲು ಅನ್ನುವುದನ್ನು ಪೂರ್ತಿ ಒಪ್ಪುವುದಕ್ಕೆ ಆಗುವುದಿಲ್ಲ. ಹಳೆಯ ಸೆಕ್ಷನ್‌ಗಳಲ್ಲಿ ಒಮ್ಮೆ ಓಡಾಡಿ ನೋಡಿ. ಜನರಲ್‌ಗಳ ಮನೆಯವರು ಸ್ವಂತ ದುಡ್ಡಲ್ಲಿ ನಿಲ್ಲಿಸಿದ ದೊಡ್ಡ ದೊಡ್ಡ ಕಲ್ಲು, ಕಂಬ, ಕುದುರೆ ಮೇಲೆ ಕೂತ ವಿಗ್ರಹ ಕೂಡ ಇದೆ. ಒಂದೇ ಅಳತೆಯ ಬಿಳಿ ಕಲ್ಲಿನ ಸಾಲು ಆಮೇಲಿನದು.

ಕಲ್ಲು ಬಿಡಿ, ಅಂತ್ಯಕ್ರಿಯೆಯಲ್ಲೂ ದರ್ಜೆ ನೋಡುತ್ತಿದ್ದರು. ಆರು ಕುದುರೆ ಕಟ್ಟಿದ ಗಾಡಿಯಲ್ಲಿ ಪೆಟ್ಟಿಗೆ ಒಯ್ಯುವುದು, ಬ್ಯಾಂಡು, ಬೆಂಗಾವಲು, ಇದೆಲ್ಲ ಅಧಿಕಾರಿಗಳಿಗೆ. ಯುದ್ಧದಲ್ಲೇ ಸತ್ತ ಸಾಧಾರಣ ಸಿಪಾಯಿಗೂ ಪೂರ್ತಿ ಗೌರವ ಕೊಡಬೇಕು ಅಂತ ನಿಯಮ ಬದಲಾಗಿದ್ದು 2009ರಲ್ಲಿ. 1864ರಿಂದ ಲೆಕ್ಕ ಹಾಕಿ.

ಇನ್ನೊಂದು ದೊಡ್ಡದಿದೆ. 1948ರ ತನಕ ಕರಿಯ ಸೈನಿಕರನ್ನು ಬೇರೆ ಜಾಗದಲ್ಲಿ ಹೂಳುತ್ತಿದ್ದರು. ಒಂದೇ ದೇಶಕ್ಕೆ ಪ್ರಾಣ ಕೊಟ್ಟವರು, ಸತ್ತ ಮೇಲೂ ಬೇರೆ. ಸೈನ್ಯದಲ್ಲಿ ಬಣ್ಣದ ಭೇದ ನಿಲ್ಲಬೇಕು ಅಂತ ಅಧ್ಯಕ್ಷ ಟ್ರೂಮನ್ ಆಜ್ಞೆ ಹೊರಡಿಸಿದ ಮೇಲೆ ಅದು ನಿಂತಿತು. ನಮ್ಮೂರುಗಳಲ್ಲಿ ಜಾತಿಗೊಂದು ಸ್ಮಶಾನ ಇರುವುದನ್ನು ನೋಡಿ ಬೆಳೆದ ನಮಗೆ ಇದು ಅರ್ಥವಾಗದ್ದೇನಲ್ಲ.

ಪೊಟೊಮ್ಯಾಕ್ ದಂಡೆ:

ತೆಂಗು ಅವರೇ, ನೀವು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಅದಕ್ಕೇ ನಾನು ಯಾರೇ ಬಂದರೂ ಸೆಕ್ಷನ್ 27ಕ್ಕೆ ಕರೆದುಕೊಂಡು ಹೋಗುತ್ತೇನೆ. ಒಂದು ಮೂಲೆಯಲ್ಲಿದೆ, ಪ್ರವಾಸಿಗಳು ಆ ಕಡೆ ತಲೆ ಹಾಕುವುದೇ ಕಡಿಮೆ. ಕ್ರಿಸ್ಟ್‌ಮನ್ ಇರುವುದೂ ಅಲ್ಲೇ. ಅವನ ಸುತ್ತಮುತ್ತ ಕರಿಯ ಸೈನಿಕರ ಕಲ್ಲುಗಳು, ಯು.ಎಸ್.ಸಿ.ಟಿ. ಅಂತ ಕೆತ್ತಿರುತ್ತಾರೆ, ಅಂದರೆ ಕರಿಯರ ಪಲ್ಟಣ. ಅಲ್ಲೇ ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಸುಮಾರು 3,800 ಜನ ಇದ್ದಾರೆ. ಅವರು ಸೈನಿಕರಲ್ಲ. ಅವರ ಕಲ್ಲಿನ ಮೇಲೆ ಹೆಸರಿನ ಕೆಳಗೆ ‘ಸಿಟಿಜನ್’ ಅಥವಾ ‘ಸಿವಿಲಿಯನ್’ ಅಂತ ಇದೆ.

ಹತ್ತಿರ ಹೋಗಿ ಬಗ್ಗಿ ನೋಡಿ. ಮಳೆ ಚಳಿಗೆ ಅಕ್ಷರಗಳ ಅಂಚು ಸವೆದು ದುಂಡಗಾಗಿದೆ. ಮಧ್ಯಾಹ್ನ ಬಿಸಿಲು ನೇರ ಬಿದ್ದಾಗ ಓದುವುದಕ್ಕೇ ಆಗುವುದಿಲ್ಲ. ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದರೆ ನೆರಳಲ್ಲಿ ಅಕ್ಷರ ಎದ್ದು ಕಾಣುತ್ತದೆ. ಕೆಲವು ಕಲ್ಲಿನಲ್ಲಿ ಮನೆತನದ ಹೆಸರೇ ಇಲ್ಲ. ಕೆಲವು ಮಕ್ಕಳವು. ಹಿಂದಿನ ದಿನದ ತನಕ ಇನ್ನೊಬ್ಬರ ಸ್ವತ್ತು ಅಂತ ಲೆಕ್ಕವಾಗಿದ್ದವರ ಹೆಸರಿನ ಕೆಳಗೆ ನಾಗರಿಕ ಅಂತ ಕೆತ್ತಿದ್ದಾರೆ. ಅವರನ್ನು ಸಂವಿಧಾನ ನಾಗರಿಕರು ಅಂತ ಒಪ್ಪಿದ್ದು 1868ರಲ್ಲಿ. ಆ ಕಲ್ಲಿನ ಕೆಳಗೆ ಇರುವ ಎಷ್ಟೋ ಜನ ಅದಕ್ಕೂ ಮೊದಲೇ ಸತ್ತಿದ್ದರು.

ಜೇಮ್ಸ್ ಪಾರ್ಕ್ಸ್ ಬಗ್ಗೆಯೂ ಹೇಳಬೇಕು. ಲೀ ಮನೆಯ ಆ ಜಮೀನಿನಲ್ಲೇ ಗುಲಾಮನಾಗಿ ಹುಟ್ಟಿದವನು. ಬಿಡುಗಡೆಯಾದ ಮೇಲೆ ಅಲ್ಲೇ ಉಳಿದು, ಮೊದಮೊದಲ ಸಮಾಧಿಗಳ ಗುಂಡಿ ತೋಡಿದವನು. ಮುಂದೆ ಆ ಮನೆಯನ್ನು ಮೊದಲಿನ ಹಾಗೆ ರಿಪೇರಿ ಮಾಡುವಾಗ ಯಾವುದು ಎಲ್ಲಿತ್ತು ಅಂತ ತೋರಿಸಿಕೊಟ್ಟವನೂ ಇವನೇ. 1929ರಲ್ಲಿ ತೀರಿಕೊಂಡ. ಸೈನಿಕ ಅಲ್ಲದಿದ್ದರೂ ವಿಶೇಷ ಅನುಮತಿ ಕೊಟ್ಟು, ಸೈನಿಕ ಗೌರವದಿಂದ ಅಲ್ಲೇ ಮಣ್ಣು ಮಾಡಿದರು. ಆ ಜಮೀನಿನಲ್ಲಿ ಹುಟ್ಟಿ ಅದೇ ಸ್ಮಶಾನದಲ್ಲಿ ಮಲಗಿರುವವನು ಇವನೊಬ್ಬನೇ. ಸೆಕ್ಷನ್ 15ರಲ್ಲಿ ಹುಡುಕಿ. ಕೆನಡಿ ಸಮಾಧಿಯ ಮುಂದೆ ನಿಲ್ಲುವಷ್ಟೇ ಹೊತ್ತು ಇವನ ಮುಂದೆಯೂ ನಿಲ್ಲಬೇಕು ಅಂತ ನನ್ನ ಆಸೆ.

ಆದರೂ ಶಾಸನಪ್ರಿಯ ಸರ್ ಹೇಳಿದ್ದನ್ನು ನಾನು ಬಿಡುವುದಿಲ್ಲ. ಮೊದಲ ದಿನದಿಂದ ಸಮಾನವಾಗಿತ್ತು ಅಂತ ಅಲ್ಲ. ಒಂದೊಂದೇ ಹೆಜ್ಜೆಯಾಗಿ ಆ ಕಡೆ ಬಂತು. ಈಗ ಅಲ್ಲಿ ಮಣ್ಣಾಗುವ ಜನರಲ್‌ಗೂ ಸಿಪಾಯಿಗೂ ಸರ್ಕಾರ ಕೊಡುವುದು ಅದೇ ಬಿಳಿ ಅಮೃತಶಿಲೆ, ಅದೇ ಅಳತೆ.

ಕಾವೇರಿ ಸೀಮೆ ಹವಾಲ್ದಾರ್:

ನಮಸ್ಕಾರ. ನಾನು ನಮ್ಮ ಸೈನ್ಯದಲ್ಲಿ ಸೇವೆ ಮಾಡಿ ನಿವೃತ್ತನಾದವನು, ಕೊಡಗಿನಲ್ಲಿದ್ದೇನೆ. ಮಗಳ ಮನೆಗೆ ಬಂದಿದ್ದಾಗ ಆರ್ಲಿಂಗ್ಟನ್ ನೋಡಿದೆ. ಅಜ್ಞಾತ ಸೈನಿಕನ ಸಮಾಧಿಯ ಕಾವಲಿನ ಬಗ್ಗೆ ನಾನು ಹೇಳಬೇಕು. ಜನ ಅದನ್ನು ಶೋ ಅನ್ನುವ ಹಾಗೆ ನೋಡುತ್ತಾರೆ, ನನಗೆ ಬೇಸರ.

ಮೊದಲ ಮಹಾಯುದ್ಧ ಮುಗಿದ ಮೇಲೆ, 1921ರ ಅಕ್ಟೋಬರಿನಲ್ಲಿ, ಫ್ರಾನ್ಸಿನ ಶಾಲೋನ್ ಊರಿನಲ್ಲಿ ಗುರುತು ಸಿಗದ ನಾಲ್ಕು ಸೈನಿಕರ ಪೆಟ್ಟಿಗೆ ಸಾಲಾಗಿ ಇಟ್ಟರು. ಎಡ್ವರ್ಡ್ ಯಂಗರ್ ಅಂತ ಒಬ್ಬ ಸಾರ್ಜೆಂಟ್, ಯುದ್ಧ ಮಾಡಿ ಗಾಯಗೊಂಡವನು, ಬಿಳಿ ಗುಲಾಬಿ ಹಿಡಿದು ಒಳಗೆ ಹೋಗಿ ಒಂದು ಪೆಟ್ಟಿಗೆಯ ಮೇಲೆ ಇಟ್ಟ. ಅದನ್ನು ಹಡಗಿನಲ್ಲಿ ತಂದು ನವೆಂಬರ್ 11ರಂದು ಆರ್ಲಿಂಗ್ಟನ್‌ನಲ್ಲಿ ಮಣ್ಣು ಮಾಡಿದರು. ಆ ದಿನ ಕ್ರೋ ಬುಡಕಟ್ಟಿನ ಮುಖಂಡ ಪ್ಲೆಂಟಿ ಕೂಸ್ ತನ್ನ ಗರಿಯ ಯುದ್ಧ ಕಿರೀಟ ತೆಗೆದು ಸಮಾಧಿಯ ಮೇಲೆ ಇಟ್ಟ. 1958ರಲ್ಲಿ ಎರಡನೇ ಮಹಾಯುದ್ಧದ ಒಬ್ಬ, ಕೊರಿಯಾ ಯುದ್ಧದ ಒಬ್ಬ ಅಲ್ಲಿಗೆ ಬಂದರು.

1937ರಿಂದ ರಾತ್ರಿ ಹಗಲು ಅಲ್ಲಿ ಕಾವಲು ಇದೆ. ಹಿಮ ಬೀಳಲಿ, ಮಳೆ ಬರಲಿ, ನೋಡುವವರು ಒಬ್ಬರೂ ಇಲ್ಲದಿರಲಿ, ಕಾವಲಿಗೆ ಒಬ್ಬ ಇದ್ದೇ ಇರುತ್ತಾನೆ. 21 ಹೆಜ್ಜೆ ನಡೆಯುತ್ತಾನೆ, ತಿರುಗುತ್ತಾನೆ, 21 ಸೆಕೆಂಡ್ ಸಮಾಧಿಯ ಕಡೆ ಮುಖ ಮಾಡಿ ನಿಲ್ಲುತ್ತಾನೆ, ವಾಪಸ್ 21 ಹೆಜ್ಜೆ. ಬಂದೂಕು ಯಾವಾಗಲೂ ಜನ ಇರುವ ಕಡೆಯ ಹೆಗಲಿನ ಮೇಲೆ, ಸಮಾಧಿಗೂ ಜನಕ್ಕೂ ನಡುವೆ ತಾನು ಇದ್ದೇನೆ ಅಂತ ತೋರಿಸುವುದಕ್ಕೆ. ನಡೆಯುವ ಕಾವಲುಗಾರನ ಅಂಗಿ ಮೇಲೆ ದರ್ಜೆಯ ಪಟ್ಟಿ ಇರುವುದಿಲ್ಲ. ಯಾಕೆ ಗೊತ್ತಾ? ಒಳಗೆ ಇರುವವನ ದರ್ಜೆ ಏನೋ ಯಾರಿಗೂ ಗೊತ್ತಿಲ್ಲ. ಅವನಿಗಿಂತ ಮೇಲಿನವನಾಗಿ ಕಾಣಬಾರದು. ಡ್ಯೂಟಿ ಮಾಡಿದವನಿಗೆ ಈ ಒಂದು ಮಾತು ಸಾಕು, ಮೈ ಜುಂ ಅನ್ನುತ್ತದೆ.

ಶೂ ಕಡೆಯೂ ಗಮನ ಕೊಡಿ. ಹಿಮ್ಮಡಿಗೆ ಹಿಮ್ಮಡಿ ಹೊಡೆದಾಗ ಬರುವ ಆ ಲೋಹದ ಸದ್ದು ಇಡೀ ಚೌಕಕ್ಕೆ ಕೇಳುತ್ತದೆ. ಅಂಥ ಸದ್ದು ತಾನಾಗಿ ಬರುವುದಿಲ್ಲ. ಅದರ ಹಿಂದೆ ಎಷ್ಟು ಅಭ್ಯಾಸ ಇದೆ ಅಂತ ಡ್ರಿಲ್ ಮಾಡಿದವರಿಗೆ ಗೊತ್ತು.

ನಮ್ಮಲ್ಲಿ ಶೋಕ ಶಸ್ತ್ರ ಅಂತ ಆಜ್ಞೆ ಬಂದಾಗ ಬಂದೂಕಿನ ಬಾಯಿ ಕೆಳಗೆ ಮಾಡಿ ತಲೆ ಬಗ್ಗಿಸುತ್ತೇವೆ. ಸತ್ತವನ ಮೇಲಿನ ತಿರಂಗಾ ತೆಗೆದು ಮಡಿಸಿ ಮನೆಯವರ ಕೈಗೆ ಕೊಡುತ್ತೇವೆ. ಅಲ್ಲೂ ಹಾಗೇ. ಸೈನ್ಯ ಯಾವುದಾದರೇನು, ಈ ಒಂದು ವಿಷಯದಲ್ಲಿ ನಾವೆಲ್ಲ ಒಂದೇ ಮನೆಯವರು.

ಹೊಸಪೇಟೆ ಹುಡುಗಿ:

ಹವಾಲ್ದಾರ್ ಸರ್, ಓದುತ್ತಾ ಕಣ್ಣು ತುಂಬಿತು. ವಿಯೆಟ್ನಾಂ ಯುದ್ಧದ ಅಜ್ಞಾತ ಸೈನಿಕ ಅಲ್ಲಿಲ್ಲವಾ?

ಕಾವೇರಿ ಸೀಮೆ ಹವಾಲ್ದಾರ್:

ಇದ್ದ ಮಗಳೇ. 1984ರಲ್ಲಿ ಒಬ್ಬನನ್ನು ಇಟ್ಟರು. 1998ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಅವನು 1972ರಲ್ಲಿ ವಿಮಾನ ಉರುಳಿ ಸತ್ತ ಮೈಕೆಲ್ ಬ್ಲಾಸಿ ಅಂತ ಗೊತ್ತಾಯಿತು. ಮನೆಯವರು ಸೇಂಟ್ ಲೂಯಿಸ್‌ಗೆ ಕರೆದುಕೊಂಡು ಹೋಗಿ ಅಲ್ಲಿನ ಸೈನಿಕ ಸ್ಮಶಾನದಲ್ಲಿ ಹೆಸರು ಹಾಕಿ ಮಣ್ಣು ಮಾಡಿದರು. ಆರ್ಲಿಂಗ್ಟನ್ನಿನ ಆ ಜಾಗವನ್ನು ಖಾಲಿಯೇ ಬಿಟ್ಟಿದ್ದಾರೆ, ಕಾಣೆಯಾದವರೆಲ್ಲರ ಹೆಸರಿನಲ್ಲಿ. 26 ವರ್ಷ ಆದ ಮೇಲಾದರೂ ಮಗ ಮನೆಗೆ ಬಂದ. ಅಜ್ಞಾತ ಅಂತ ಎಷ್ಟೇ ದೊಡ್ಡ ಗೌರವ ಕೊಟ್ಟರೂ ಹೆತ್ತವರಿಗೆ ಬೇಕಾಗಿರುವುದು ಅದು.

ಕೋಬಾಲ್ ಕಾಲದವಳು:

ನಾನು ಬೆಂಗಳೂರಿನಲ್ಲಿ ಬ್ಯಾಂಕಿನ ಹಳೆಯ ಸಾಫ್ಟ್‌ವೇರ್ ಮೇಲೆ ಕೆಲಸ ಶುರು ಮಾಡಿದವಳು. ಐಟಿಯವರೆಲ್ಲ ಸೆಕ್ಷನ್ 59ಕ್ಕೆ ಹೋಗಿ. ಗ್ರೇಸ್ ಹಾಪರ್ ಅಲ್ಲಿದ್ದಾರೆ. ಗಣಿತದ ಮೇಷ್ಟ್ರಾಗಿದ್ದವರು ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಸೇರಿದರು. ಮನುಷ್ಯರ ಮಾತಿಗೆ ಹತ್ತಿರದ ಪದಗಳಲ್ಲಿ ಬರೆದು ಕಂಪ್ಯೂಟರಿಗೆ ಹೇಳಬಹುದು ಅಂತ ಹಟ ಹಿಡಿದು ಮಾಡಿ ತೋರಿಸಿದರು. ಕೋಬಾಲ್ ಅನ್ನುವ ಕಂಪ್ಯೂಟರ್ ಭಾಷೆ ಹುಟ್ಟಿದ್ದು ಅದರ ಮೇಲೆ. ನಿವೃತ್ತರಾದವರನ್ನು ನೌಕಾಪಡೆ ಮತ್ತೆ ಕರೆಸಿಕೊಂಡಿತು. 1986ರಲ್ಲಿ ಕೊನೆಗೆ ಬಿಟ್ಟಾಗ ರಿಯರ್ ಅಡ್ಮಿರಲ್, ವಯಸ್ಸು 79. 1992ರ ಹೊಸ ವರ್ಷದ ದಿನ ತೀರಿಕೊಂಡರು. ಕಲ್ಲು ನೋಡಿದರೆ ಅದೇ ಸಾದಾ ಕಲ್ಲು.

ಕಲ್ಪನಾ ಚಾವ್ಲಾ ಹೆಸರೂ ಆರ್ಲಿಂಗ್ಟನ್ನಿನಲ್ಲಿದೆ. ಕೊಲಂಬಿಯಾ ನೌಕೆಯ ಏಳೂ ಜನರ ಸ್ಮಾರಕ ಅಲ್ಲಿದೆ, 2004ರಲ್ಲಿ ಆಗಿದ್ದು. ಮಕ್ಕಳನ್ನು ಕರೆದುಕೊಂಡು ಹೋದರೆ ಅದನ್ನು ತಪ್ಪಿಸಬೇಡಿ.

ರೆಸ್ಟನ್ ಅಕ್ಕ:

ಎಲ್ಲರೂ ನೋಡಲು ಹೋದ ಅನುಭವ ಬರೆದಿದ್ದೀರಿ. ನಾನು ಅಲ್ಲಿ ನಮ್ಮ ಮನೆಯವರನ್ನೇ ಬಿಟ್ಟು ಬಂದಿದ್ದೇನೆ. ನನ್ನ ಯಜಮಾನರು ಇಲ್ಲಿನವರು. ಮಾವ ಕೊರಿಯಾ ಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿದ್ದರು. ಯಾವ ಪದಕವೂ ಇಲ್ಲ, ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು. ಪೆಟ್ಟಿಗೆಯಲ್ಲಿ ನೆಲದಲ್ಲಿ ಹೂಳಬೇಕಾದರೆ ಆರ್ಲಿಂಗ್ಟನ್ನಿನ ನಿಯಮ ಬಿಗಿ. ಕರ್ತವ್ಯದಲ್ಲಿ ಸತ್ತವರು, ಪೂರ್ತಿ ಸೇವೆ ಮುಗಿಸಿ ಪೆನ್ಷನ್ ಪಡೆದವರು, ದೊಡ್ಡ ಪದಕ ಪಡೆದವರು ಹೀಗೆ. ಅಸ್ಥಿಯಾದರೆ ಅಷ್ಟು ಬಿಗಿ ಇಲ್ಲ. ಸೇವೆ ಮಾಡಿ ಗೌರವದಿಂದ ಬಿಡುಗಡೆಯಾದವರಿಗೂ ಅಸ್ಥಿ ಇಡುವ ಗೋಡೆಯಲ್ಲಿ ಗೂಡು ಸಿಗುತ್ತದೆ. ಆ ಗೋಡೆಗಳು 1980ರಿಂದ ಇವೆ.

ಸರದಿಗೆ ತಿಂಗಳುಗಟ್ಟಲೆ ಕಾಯಬೇಕು. ವಾರದ ದಿನಗಳಲ್ಲಿ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಅಂತ್ಯಕ್ರಿಯೆ ನಡೆಯುತ್ತವೆ, ಆದರೂ ಮುಗಿಯುವುದಿಲ್ಲ. ಅಷ್ಟು ದಿನ ಮಾವನ ಅಸ್ಥಿ ನಮ್ಮ ಮನೆಯಲ್ಲೇ ಇತ್ತು. ಅಸ್ಥಿ ಮನೆಯೊಳಗೆ ಇಟ್ಟುಕೊಳ್ಳುವುದು ನಮ್ಮ ಪದ್ಧತಿಯಲ್ಲಿ ಇಲ್ಲವಲ್ಲ. ನಾನು ದಿನಾ ದೀಪ ಹಚ್ಚುವಾಗ ಅಲ್ಲಿಗೂ ಒಂದು ಹೂವು ಇಡುತ್ತಿದ್ದೆ. ಅತ್ತೆ ಅದನ್ನು ನೋಡಿ ಒಂದು ದಿನ ತಾವೇ ಹೂವು ತಂದುಕೊಟ್ಟರು.

ಆ ದಿನ ಎಲ್ಲ ಅರ್ಧ ಗಂಟೆಯೊಳಗೆ ಮುಗಿಯಿತು. ಬಿಳಿ ಕೈಗವಸು ಹಾಕಿದ ಹುಡುಗರು ಬಾವುಟವನ್ನು ಬಿಗಿಯಾಗಿ ಎಳೆದು ಹಿಡಿದಿದ್ದರು, ಒಂದು ಸುಕ್ಕಿಲ್ಲ. ಮೂರು ಸಲ ಬಂದೂಕಿನ ಸದ್ದು. ಆಮೇಲೆ ಬ್ಯೂಗಲ್. ಬಾವುಟವನ್ನು ಮಡಿಸುತ್ತಾ ಬಂದರು, ಮುಕ್ಕೋನವಾಗಿ, ಕೊನೆಗೆ ನೀಲಿ ಮತ್ತು ನಕ್ಷತ್ರ ಮಾತ್ರ ಮೇಲೆ ಕಾಣುವ ಹಾಗೆ. ಒಬ್ಬ ನಾವಿಕ ಅತ್ತೆಯ ಮುಂದೆ ಮಂಡಿಯೂರಿ ಕೂತು, ಕಣ್ಣಲ್ಲಿ ಕಣ್ಣಿಟ್ಟು, ದೇಶದ ಪರವಾಗಿ ಕೃತಜ್ಞತೆ ಹೇಳಿ ಕೈಗೆ ಕೊಟ್ಟ. ಮೊಮ್ಮಗನ ವಯಸ್ಸಿನ ಹುಡುಗ. ಅವನ ಮಾತಿನಲ್ಲಿ ಅವಸರವೇ ಇರಲಿಲ್ಲ.

ಅದಾದ ಮೇಲೆ ಒಬ್ಬ ಹೆಂಗಸು ಬಂದು ಅತ್ತೆಯ ಕೈ ಹಿಡಿದು ಒಂದು ಪತ್ರ ಕೊಟ್ಟರು. ನಮಗೆ ಪರಿಚಯದವರಲ್ಲ. ಆರ್ಲಿಂಗ್ಟನ್ ಲೇಡೀಸ್ ಅಂತ ಒಂದು ಗುಂಪಿದೆ. ವಾಯುಪಡೆಯ ಮುಖ್ಯಸ್ಥ ಜನರಲ್ ವ್ಯಾಂಡೆನ್‌ಬರ್ಗ್ ಅವರ ಹೆಂಡತಿ 1948ರಲ್ಲಿ ಶುರು ಮಾಡಿದ್ದು. ಒಬ್ಬ ಸೈನಿಕನನ್ನು ಮಣ್ಣು ಮಾಡುವಾಗ ಪಾದ್ರಿ, ಸೈನಿಕರು ಬಿಟ್ಟರೆ ಮನೆಯವರು ಅನ್ನುವವರು ಯಾರೂ ಇಲ್ಲದ್ದನ್ನು ಗಂಡ ಹೆಂಡತಿ ನೋಡಿದ್ದರಂತೆ. ಯಾರನ್ನೂ ಒಂಟಿಯಾಗಿ ಕಳಿಸಬಾರದು ಅಂತ ಆ ಗುಂಪಿನವರೊಬ್ಬರು ಅಂತ್ಯಕ್ರಿಯೆಗೆ ಬರುತ್ತಾರೆ. ಮಳೆಯಾದರೂ ಬರುತ್ತಾರೆ. ಇಡೀ ಆರ್ಲಿಂಗ್ಟನ್ನಿನಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಇದು.

ಕಲ್ಲಿನ ಹಿಂಭಾಗವನ್ನೂ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಹೆಂಡತಿಯನ್ನು ಸಾಮಾನ್ಯವಾಗಿ ಅದೇ ಗುಂಡಿಯಲ್ಲೇ ಇಡುತ್ತಾರೆ, ಅವಳ ಹೆಸರನ್ನು ಕಲ್ಲಿನ ಹಿಂದೆ ಕೆತ್ತುತ್ತಾರೆ. ‘ಅವನ ಹೆಂಡತಿ’ ಅಂತ ಇರುತ್ತದೆ. ದಾರಿಯಿಂದ ನೋಡಿದರೆ ಗಂಡಸರು ಮಾತ್ರ ಕಾಣುತ್ತಾರೆ. ಆ ಕಡೆಯಿಂದ ನಡೆದು ಬಂದರೆ ಅವರು ಇಲ್ಲದಾಗ ಮನೆ ನಡೆಸಿದ ಹೆಂಗಸರೆಲ್ಲ ಕಾಣುತ್ತಾರೆ.

ತುಮಕೂರು ತೆಂಗು:

ಅಕ್ಕ, ಇದನ್ನು ಬರೆದಿದ್ದಕ್ಕೆ ನಿಮಗೆ ನಮಸ್ಕಾರ. ಹಾಗಿದ್ದೂ ಅಲ್ಲಿ ದೊಡ್ಡ ತಪ್ಪುಗಳೂ ನಡೆದಿವೆ ಅಂತ ಹೇಳಲೇಬೇಕು. 2010ರಲ್ಲಿ ಸೈನ್ಯವೇ ತನಿಖೆ ಮಾಡಿದಾಗ 200ಕ್ಕೂ ಹೆಚ್ಚು ಸಮಾಧಿಗಳಲ್ಲಿ ನಕ್ಷೆಗೂ ಕಲ್ಲಿಗೂ ತಾಳೆ ಆಗಲಿಲ್ಲ. ಮೇಲಿನವರು ಕೆಲಸ ಬಿಡಬೇಕಾಯಿತು. ಮಗ ಇಲ್ಲಿದ್ದಾನೆ ಅಂತ ಹೂವಿಟ್ಟು ಬಂದ ತಾಯಿಗೆ ಆ ಸುದ್ದಿ ಓದಿದಾಗ ಹೇಗಾಗಿರಬೇಡ? ಇಲ್ಲಿನ ಗೌರವ ಅಷ್ಟೂ ನಿಂತಿರುವುದು ಕಲ್ಲಿನ ಕೆಳಗೆ ಅವರೇ ಇದ್ದಾರೆ ಅನ್ನುವ ನಂಬಿಕೆ ಮೇಲೆ. ಆಮೇಲೆ ಸೈನಿಕರೇ ಒಂದೊಂದು ಕಲ್ಲಿನ ಫೋಟೊ ತೆಗೆದು, ಹಳೆಯ ಕಾರ್ಡುಗಳ ಜೊತೆ ಹೋಲಿಸಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದರು. ಆ ಕೆಲಸಕ್ಕೆ ನಾನು ಮೆಚ್ಚುಗೆ ಕೊಡುತ್ತೇನೆ. ಈಗ ಎ.ಎನ್.ಸಿ. ಎಕ್ಸ್‌ಪ್ಲೋರರ್ ಅನ್ನುವ ಆ್ಯಪ್‌ನಲ್ಲಿ ಹೆಸರು ಹಾಕಿದರೆ ದಾರಿ ತೋರಿಸುತ್ತದೆ.

ಕುದುರೆಗಳ ವಿಷಯವೂ ಇದೆ. ಗಾಡಿ ಎಳೆಯುವ ಕುದುರೆಗಳ ಆರೈಕೆ ಸರಿ ಇರಲಿಲ್ಲ, 2022ರಲ್ಲಿ ಎರಡು ಸತ್ತವು. 2023ರಲ್ಲಿ ಆ ಗಾಡಿಯನ್ನೇ ನಿಲ್ಲಿಸಿದರು. ಕುದುರೆಗಳಿಗೆ ಬೇರೆ ಜಾಗ, ಹೊಸ ತರಬೇತಿ ಎಲ್ಲ ಮಾಡಿ 2025ರಲ್ಲಿ ಮತ್ತೆ ಶುರುವಾಯಿತು, ಮೊದಲಿಗಿಂತ ಕಡಿಮೆ ಸಂಖ್ಯೆಯಲ್ಲಿ.

ಮೈಸೂರು ಲ್ಯಾನ್ಸರ್ಸ್ ಅಭಿಮಾನಿ:

ಒಂದು ಸೇರಿಸುತ್ತೇನೆ. ಅಮೆರಿಕದವರು ಹೊರದೇಶದಲ್ಲಿ ಸತ್ತವರನ್ನು ಮನೆಯವರು ಕೇಳಿದರೆ ತರಿಸಿಕೊಟ್ಟರು. ಬ್ರಿಟಿಷರು ಬಿದ್ದ ಜಾಗದಲ್ಲೇ ಬಿಟ್ಟರು. ಅದಕ್ಕೇ 1918ರ ಸೆಪ್ಟೆಂಬರ್ 23ರಂದು ಕಾರ್ಮೆಲ್ ಬೆಟ್ಟ ಹತ್ತಿ ಹೈಫಾ ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ಸವಾರರು ಬಿದ್ದ ನೆಲ ನೋಡಬೇಕಾದರೆ ಇಸ್ರೇಲಿಗೆ ಹೋಗಬೇಕು. ಬೆಂಗಳೂರಿನಲ್ಲಿ ಜೆ.ಸಿ. ನಗರದ ಹತ್ತಿರ ಅವರ ಸ್ಮಾರಕ ಮಾತ್ರ ಇದೆ. ದಿನಾ ಅದರ ಮುಂದೆ ಗಾಡಿ ಓಡಿಸುವವರು ಒಮ್ಮೆ ಇಳಿದು ನೋಡಿ.

ಈ ನಿಯಮದಿಂದ ಆದ ಒಂದು ವಿಚಿತ್ರ ಆರ್ಲಿಂಗ್ಟನ್ನಿನಲ್ಲಿದೆ. ಬರ್ಮಾ ಕಾಡಿನಲ್ಲಿ ಜಪಾನಿಯರ ಹಿಂದೆ ನುಗ್ಗಿ ಹೋರಾಡಿದ ಚಿಂಡಿಟ್ ಪಡೆ ಕಟ್ಟಿದ ಬ್ರಿಟಿಷ್ ಜನರಲ್ ಆರ್ಡ್ ವಿಂಗೇಟ್ ಅಲ್ಲಿದ್ದಾನೆ. 1944ರ ಮಾರ್ಚ್ 24ರಂದು ನಮ್ಮ ಮಣಿಪುರದ ಗುಡ್ಡದಲ್ಲಿ ಅವನ ವಿಮಾನ ಬಿತ್ತು. ವಿಮಾನ ನಡೆಸುತ್ತಿದ್ದವರು ಅಮೆರಿಕದವರು. ಯಾರ ಮೂಳೆ ಯಾರದು ಅಂತ ಗೊತ್ತಾಗಲಿಲ್ಲ. ಸತ್ತವರಲ್ಲಿ ಅಮೆರಿಕದವರೇ ಹೆಚ್ಚು ಅಂತ 1950ರಲ್ಲಿ ಎಲ್ಲರನ್ನೂ ಒಟ್ಟಿಗೆ ಆರ್ಲಿಂಗ್ಟನ್‌ಗೆ ತಂದು ಒಂದೇ ಕಲ್ಲಿನ ಕೆಳಗೆ ಇಟ್ಟರು. ಸೆಕ್ಷನ್ 12.

ಕಾವೇರಿ ಸೀಮೆ ಹವಾಲ್ದಾರ್:

ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮ ತಂದೆ 1944ರಲ್ಲಿ ಇಂಫಾಲ್ ಕಡೆ ಇದ್ದವರು, ವಿಂಗೇಟ್ ಹೆಸರು ಅವರ ಬಾಯಲ್ಲಿ ಕೇಳಿ ಬೆಳೆದಿದ್ದೇನೆ. ಅಲ್ಲಿಗೆ ಹೋಗಿಯೂ ನೋಡದೆ ಬಂದೆನಲ್ಲ. ಹತ್ತಿರ ಇರುವವರು ಯಾರಾದರೂ ಆ ಕಲ್ಲಿನ ಫೋಟೊ ತೆಗೆದು ಹಾಕುತ್ತೀರಾ? ಹೆಸರುಗಳು ಓದುವ ಹಾಗೆ ಇದ್ದರೆ ಸಾಕು. ಅಣ್ಣನಿಗೂ ತೋರಿಸಬೇಕು, ಅವರಿಗೆ ವಯಸ್ಸಾಗಿದೆ.

ಪೊಟೊಮ್ಯಾಕ್ ದಂಡೆ:

ಸರ್, ಈ ಶನಿವಾರ ನಾನೇ ಹೋಗುತ್ತೇನೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆಯುತ್ತಾರೆ, ಬಿಸಿಲು ಓರೆ ಇರುವಾಗಲೇ ತೆಗೆದು ಇಲ್ಲಿ ಹಾಕುತ್ತೇನೆ. ಜೇಮ್ಸ್ ಪಾರ್ಕ್ಸ್ ಕಲ್ಲಿನದೂ ಹಾಕುತ್ತೇನೆ. ರೆಸ್ಟನ್ ಅಕ್ಕ, ನಿಮ್ಮ ಮಾವನವರ ಗೂಡಿನ ಸಂಖ್ಯೆ ನನಗೆ ಖಾಸಗಿಯಾಗಿ ಕಳಿಸಿ, ಅಲ್ಲಿಗೂ ಹೋಗಿ ಬರುತ್ತೇನೆ.

ಹೊಸಪೇಟೆ ತಂಗಿ, ನಿಮ್ಮ ಪ್ರಶ್ನೆಗೆ ಉತ್ತರ. ಮೆಟ್ರೊ ಬ್ಲೂ ಲೈನಿನಲ್ಲಿ ಬಂದರೆ ಸ್ಟೇಷನ್ ಬಾಗಿಲ ಹತ್ತಿರವೇ ಇದೆ. ಪ್ರವೇಶಕ್ಕೆ ದುಡ್ಡಿಲ್ಲ, ಬ್ಯಾಗ್ ತಪಾಸಣೆ ಇದೆ, ಗುರುತಿನ ಚೀಟಿ ಇಟ್ಟುಕೊಳ್ಳಿ. ಒಳಗೆ ಟಿಕೆಟ್ ಕೊಟ್ಟು ಹತ್ತುವ ಬಸ್ಸಿನಂಥ ಗಾಡಿ ಇದೆ. ಕೆನಡಿ ಸಮಾಧಿ, ಅಜ್ಞಾತ ಸೈನಿಕನ ಸಮಾಧಿ, ಲೀ ಮನೆ ಹತ್ತಿರ ನಿಲ್ಲಿಸುತ್ತದೆ, ಅಮ್ಮನಿಗೆ ಅದೇ ಸರಿ. ಬೇಸಿಗೆಯಲ್ಲಿ ಅರ್ಧ ಗಂಟೆಗೊಮ್ಮೆ ಕಾವಲು ಬದಲಾಗುತ್ತದೆ. ನೀರು ತೆಗೆದುಕೊಂಡು ಹೋಗಿ, ತಿಂಡಿ ಬೇಡ, ಒಳಗೆ ತಿನ್ನುವ ಹಾಗಿಲ್ಲ. ಟೋಪಿ ಇರಲಿ, ಗುಡ್ಡದಲ್ಲಿ ಬಿಸಿಲು ಜಾಸ್ತಿ. ಎಲ್ಲಾದರೂ ಅಂತ್ಯಕ್ರಿಯೆ ನಡೆಯುತ್ತಿದ್ದರೆ ದೂರದಲ್ಲೇ ನಿಲ್ಲಿ, ಫೋಟೊ ತೆಗೆಯಬೇಡಿ. ಸೆಕ್ಷನ್ 27ಕ್ಕೆ ಆ ಗಾಡಿ ಹೋಗುವುದಿಲ್ಲ. ಅಮ್ಮನನ್ನು ಸ್ವಾಗತ ಕೇಂದ್ರದಲ್ಲಿ ಕೂರಿಸಿ ನೀವೂ ಅಪ್ಪನೂ ನಡೆದು ಬನ್ನಿ. ಜೊತೆಗೆ ಯಾರಾದರೂ ಬೇಕಿದ್ದರೆ ಹೇಳಿ, ನಾನು ಬರುತ್ತೇನೆ.

ಹೊಸಪೇಟೆ ಹುಡುಗಿ:

ಅಣ್ಣ, ಖಂಡಿತ ಬನ್ನಿ. ವೀರಗಲ್ಲು ಅಂತ ಹೇಳಿದೆ, ಅಮ್ಮ ಒಪ್ಪಿದರು. ಅಪ್ಪನಿಗೆ ಈ ಚರ್ಚೆ ಪೂರ್ತಿ ಕಳಿಸಿದ್ದೇನೆ. ಅವರು ಪಾರ್ಕ್ಸ್ ಕಲ್ಲು ನೋಡಬೇಕು ಅನ್ನುತ್ತಿದ್ದಾರೆ, ಸೆಕ್ಷನ್ 15ಕ್ಕೆ ಬಾಗಿಲಿನಿಂದ ಎಷ್ಟು ದೂರ ಆಗುತ್ತದೆ ಅಂತ ಶನಿವಾರ ಹೋದಾಗ ನೋಡಿಕೊಂಡು ತಿಳಿಸಿ.